ಬ್ರಾಡ್‌ಬ್ಯಾಂಡ್ ಬದಲಿಸಬೇಕೋ ಬೇಡವೋ: ಮಾಳಮಡ್ಡಿ ಮನೆಯ ಕೆಲಸದ ದಾಖಲೆ

ನನ್ನ ಹೆಂಡತಿ ಹಿಂದುಸ್ತಾನಿ ಗಾಯನ ಕಲಿಸುತ್ತಾಳೆ. ಧಾರವಾಡದ ಶಿಷ್ಯರು ಮನೆಗೇ ಬರುತ್ತಾರೆ. ಪುಣೆ, ಬೆಂಗಳೂರು, ದುಬೈಯಲ್ಲಿ ಇರುವವರು ಆನ್‌ಲೈನ್‌ನಲ್ಲಿ ಕಲಿಯುತ್ತಾರೆ. ಆನ್‌ಲೈನ್ ಪಾಠಗಳೆಲ್ಲ ಸಂಜೆ 7ರಿಂದ 9ರ ನಡುವೆ. ಮಳೆಗಾಲ ಹಿಡಿದ ಮೇಲೆ ಸರಿಯಾಗಿ ಅದೇ ಹೊತ್ತಿಗೆ ಸ್ವರ ತುಂಡಾಗತೊಡಗಿತು. ಮಾತು ಅರ್ಧ ಸೆಕೆಂಡು ನಿಂತರೆ ಊಹಿಸಿಕೊಳ್ಳಬಹುದು. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ನಡುವೆ ಅರ್ಧ ಸೆಕೆಂಡು ಹೋದರೆ ಕಲಿಯುವವರಿಗೆ ಏನೂ ಉಳಿಯುವುದಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ಕಂಪನಿಯ ಹುಡುಗ ಗೇಟಿಗೆ ಬಂದ. ವರ್ಷದ ದುಡ್ಡು ಒಮ್ಮೆಲೇ ಕಟ್ಟಿದರೆ ಜೋಡಣೆ ಉಚಿತ ಅಂದ. ನಾನು ಕೂಡಲೇ ಹೂಂ ಅನ್ನಲಿಲ್ಲ. ಹೊಸ ಲೈನ್ ಬಂದ ಮೇಲೂ ಸ್ವರ ತುಂಡಾದರೆ ವರ್ಷದ ದುಡ್ಡು ಸಿಕ್ಕಿಬಿದ್ದಂತೆ. ತಪ್ಪು ಮನೆಯೊಳಗೆ ಇದೆಯೋ ಹೊರಗೆ ಇದೆಯೋ ಮೊದಲು ಗೊತ್ತಾಗಬೇಕಿತ್ತು. ಆ ಹುಡುಕಾಟದ ದಾಖಲೆ ಇದು.

ಕಂಪನಿಗಳ ಹೆಸರು ಹಾಕಿಲ್ಲ. ಒಂದೇ ಕಂಪನಿ ಧಾರವಾಡದ ಸಪ್ತಾಪುರದಲ್ಲಿ ಚೆನ್ನಾಗಿ ನಡೆದು ನಮ್ಮ ಮಾಳಮಡ್ಡಿಯಲ್ಲಿ ಕೆಟ್ಟಿರಬಹುದು. ಕಂಪನಿಯ ಹೆಸರಿಗಿಂತ ನಿಮ್ಮ ಓಣಿಯ ಕಂಬ ಮುಖ್ಯ. ಇಲ್ಲಿ 'ಹಳೇ ಲೈನ್', 'ಹೊಸ ಲೈನ್' ಅಂತಷ್ಟೇ ಕರೆಯುತ್ತೇನೆ. ಹಳೇ ಲೈನ್ 150 ಎಂಬಿಪಿಎಸ್ ಫೈಬರ್. ತಿಂಗಳಿಗೆ 849 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ ಸೇರಿ 1,001.82. ಇದರ ಜೊತೆ ಅಪ್ಪನ ಲ್ಯಾಂಡ್‌ಲೈನ್ ನಂಬರೂ ಇದೆ. ಆ ನಂಬರಿನ ಮಾತು ಕೊನೆಯಲ್ಲಿ ಬರುತ್ತದೆ.

ಹಂತ 1: ಅಳತೆ

ಬೇಕಾದ ಸಾಮಾನು: ಲ್ಯಾನ್ ಕಿಂಡಿ ಇರುವ ಒಂದು ಹಳೇ ಲ್ಯಾಪ್‌ಟಾಪ್, ಗ್ಯಾರಂಟಿಯಾಗಿ ಚೆನ್ನಾಗಿರುವ ಒಂದು ಚಿಕ್ಕ ಲ್ಯಾನ್ ಕೇಬಲ್, ಒಂದು ನೋಟ್‌ಬುಕ್. ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ ಮತ್ತು ಕೇಬಲ್ ಟೆಸ್ಟರ್ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಕೊಂಡೆ. ಎರಡೂ ಸೇರಿ 650 ರೂಪಾಯಿ.

ವೈ-ಫೈ ಮೇಲೆ ಅಳೆದ ಅಂಕಿ ಹಿಡಿದು ಕಂಪನಿಯ ಬಗ್ಗೆ ತೀರ್ಮಾನ ಮಾಡಬಾರದು. ಅದಕ್ಕೆ ಲ್ಯಾಪ್‌ಟಾಪನ್ನು ರೂಟರ್ ಪಕ್ಕದಲ್ಲೇ ಇಟ್ಟು ಕೇಬಲ್‌ನಿಂದ ಜೋಡಿಸಿದೆ. ಬೆಳಗ್ಗೆ, ಮಧ್ಯಾಹ್ನ, ಪಾಠದ ಹೊತ್ತಿನಲ್ಲಿ, ಹೀಗೆ ಅಳೆದು ಬರೆದೆ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕಳಿಸಿದ ಸಣ್ಣ ಸಂದೇಶಕ್ಕೆ ಉತ್ತರ ಬರಲು ಹಿಡಿಯುವ ಹೊತ್ತು), ನಷ್ಟವಾದ ಪ್ಯಾಕೆಟ್ (ಡೇಟಾದ ತುಣುಕು) ಶೇಕಡಾ ಎಷ್ಟು, ಮಳೆ ಇತ್ತೋ ಇಲ್ಲವೋ. ಮಳೆಯ ಕಾಲಂ ಸುಮ್ನೆ ಹಾಕಿದ್ದಲ್ಲ. ಅದರಿಂದ ಮುಂದೆ ಉಪಯೋಗವಾಯಿತು.

ಇನ್ನೊಂದು ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಆದೇಶ ಟೈಪ್ ಮಾಡುವ ಎರಡು ಕಪ್ಪು ಕಿಟಕಿ ತೆರೆದು ಎರಡು ಪಿಂಗ್ ಒಟ್ಟಿಗೇ ಓಡಲು ಬಿಟ್ಟೆ. ಒಂದು ನಮ್ಮ ರೂಟರಿಗೆ, ಅಂದರೆ 192.168.1.1ಕ್ಕೆ. ಇನ್ನೊಂದು ಹೊರಗಿನ 8.8.8.8ಕ್ಕೆ. ಮೊದಲನೆಯದರಲ್ಲೇ ತುಂಡಾದರೆ ತಪ್ಪು ಮನೆಯೊಳಗಿನದು. ಮೊದಲನೆಯದು ಸರಿ ಇದ್ದು ಎರಡನೆಯದು ಮಾತ್ರ ತುಂಡಾದರೆ ತಪ್ಪು ರೂಟರಿನಿಂದ ಆಚೆಗಿದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಇದಕ್ಕೆ ಒಂದು ಪೈಸೆ ಖರ್ಚೂ ಇಲ್ಲ.

ಮೊದಲ ವಾರದ ಅಂಕಿಗಳು (ವೇಗ ಎಂಬಿಪಿಎಸ್ ಲೆಕ್ಕದಲ್ಲಿ) ಹೀಗಿದ್ದವು:

ರೂಟರ್ ಪಕ್ಕದಲ್ಲಿ, ಬೆಳಗ್ಗೆ: ಡೌನ್‌ಲೋಡ್ 148, ಅಪ್‌ಲೋಡ್ 146.
ಮಾಳಿಗೆಯ ಪಾಠದ ಕೋಣೆ, ಗೋಡೆಯ ಕೇಬಲ್ ಮೇಲೆ, ಬೆಳಗ್ಗೆ: 94, 93.
ಅದೇ ಕೋಣೆ, ವೈ-ಫೈ ಮೇಲೆ: 20ರಿಂದ 35. ರೂಟರಿಗೇ ಪಿಂಗ್ 4ರಿಂದ 180 ಮಿಲಿಸೆಕೆಂಡ್ ನಡುವೆ ಹೊಯ್ದಾಟ.
ರೂಟರ್ ಪಕ್ಕದಲ್ಲಿ, ಸಂಜೆ 7ರ ನಂತರ: ಡೌನ್‌ಲೋಡ್ 60ರಿಂದ 110, ಅಪ್‌ಲೋಡ್ 8ರಿಂದ 30, ಪ್ಯಾಕೆಟ್ ನಷ್ಟ ಶೇ. 4ರಿಂದ 6. ಮಳೆ ಇದ್ದರೆ ಇನ್ನೂ ಜಾಸ್ತಿ.

ಅಂದರೆ ಒಂದೇ ರೋಗ ಅಲ್ಲ. ಒಂದರ ಮೇಲೊಂದು ಕೂತಿವೆ. ಮನೆಯೊಳಗಿನದನ್ನು ಮೊದಲು ತೆಗೆಯಬೇಕು, ಅಲ್ವಾ? ಅವು ಇರುವ ತನಕ ಯಾವ ಕಂಪನಿ ತಂದರೂ ಅದೇ ಕಥೆ.

ಹಂತ 2: 94ಕ್ಕೆ ನಿಂತ ಕೇಬಲ್

ಗೋಡೆಯ ಕೇಬಲ್ ಯಾವಾಗ ಅಳೆದರೂ 94ರ ಆಸುಪಾಸು. ಈ ಅಂಕಿ ಕಂಡರೆ ಕಂಪನಿಗೆ ಫೋನ್ ಮಾಡುವ ಮೊದಲು ಕೇಬಲ್ ನೋಡಿ. ಲ್ಯಾನ್ ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 1,000 ಎಂಬಿಪಿಎಸ್ ಸಂಪರ್ಕಕ್ಕೆ ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಯಾವುದೋ ಒಂದು ತಂತಿ ಕಡಿದರೆ ಸಂಪರ್ಕ ಪೂರ್ತಿ ಸಾಯದೆ 100ಕ್ಕೆ ಇಳಿದು ನಿಲ್ಲಬಹುದು. ಆಗ ಸ್ಪೀಡ್ ಟೆಸ್ಟ್‌ನಲ್ಲಿ 94 ಬರುತ್ತದೆ. ಇಂಟರ್ನೆಟ್ ನಡೆಯುತ್ತಲೇ ಇರುವುದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಟೆಸ್ಟರ್ ಹಾಕಿದಾಗ 4ನೇ ದೀಪ ಹತ್ತಲಿಲ್ಲ. ಅದು ನೀಲಿ ತಂತಿ. ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಆಗಲೂ 4ನೇ ದೀಪ ಹತ್ತಲಿಲ್ಲ. ಕೇಬಲ್ ಹಿಡಿದು ಹುಡುಕುತ್ತಾ ಹೋದೆ. ಮೆಟ್ಟಿಲ ತಿರುವಿನಲ್ಲಿ ಒಂದು ಮೊಳೆ ಕ್ಲಿಪ್ಪು ಕೇಬಲನ್ನು ಚಪ್ಪಟೆ ಮಾಡಿತ್ತು. ಅಲ್ಲೇ ಒಳಗೆ ತಂತಿ ಕಡಿದಿತ್ತು.

ನಡುವೆ ಜಾಯಿಂಟ್ ಹಾಕಲು ಮನಸ್ಸಾಗಲಿಲ್ಲ. 22 ಮೀಟರ್ ಹೊಸ ಕ್ಯಾಟ್ 6 ಜಾತಿಯ ಲ್ಯಾನ್ ಕೇಬಲ್ ಎಳೆದೆ. ಮೀಟರಿಗೆ 28ರಂತೆ 616 ರೂಪಾಯಿ. ನಿಜ ಹೇಳಬೇಕೆಂದರೆ ಈ ದೂರಕ್ಕೆ ಕ್ಯಾಟ್ 5ಇ ಕೂಡ ಸಾಕು. ಅದೂ 100 ಮೀಟರ್ ತನಕ 1,000 ಎಂಬಿಪಿಎಸ್ ಒಯ್ಯುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ತಂತಿಯ ಲೋಹ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ. ಅಂಗಡಿಯಲ್ಲೇ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಒಳಗೆ ಬೆಳ್ಳಗೆ ಕಂಡರೆ ಬೇಡ. ಪೂರ್ತಿ ತಾಮ್ರ ಇರಬೇಕು.

ಬಣ್ಣದ ಸಾಲು, ಪ್ಲಗ್ಗಿನ ಕ್ಲಿಪ್ ಕೆಳಗೆ ಇಟ್ಟು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ತಂತಿಯ ಜೋಡಿಯ ಸುರುಳಿಯನ್ನು ಜಾಸ್ತಿ ಬಿಚ್ಚಬಾರದು. ಪ್ಲಗ್ಗಿಗೆ ಬೇಕಾದಷ್ಟೇ ಬಿಚ್ಚಬೇಕು.

ಹೊಸ ಕೇಬಲ್ ಮೇಲೆ ಮಾಳಿಗೆಯಲ್ಲಿ ಬೆಳಗ್ಗೆ 148.

ಹಂತ 3: ಕಲ್ಲಿನ ಗೋಡೆ ಮತ್ತು ವೈ-ಫೈ

ನಮ್ಮದು ಹಳೇ ಮನೆ. ಪಡಸಾಲೆಯ ಗೋಡೆ ಕಲ್ಲಿನದು, ಒಂದೂವರೆ ಅಡಿ ದಪ್ಪ. ರೂಟರ್ ಇದ್ದದ್ದು ಪಡಸಾಲೆಯಲ್ಲಿ, ಕಬ್ಬಿಣದ ಕಪಾಟಿನ ಹಿಂದೆ. ಪಾಠ ನಡೆಯುವುದು ಮಾಳಿಗೆಯಲ್ಲಿ. ಇಷ್ಟು ಹೇಳಿದರೆ ಸಾಕು.

ಪಕ್ಕದ ಮನೆಯವರಿಂದ ವೈ-ಫೈ ಎಕ್ಸ್‌ಟೆಂಡರ್ ತಂದು ಮೆಟ್ಟಿಲ ಹತ್ತಿರ ಹಾಕಿ ನೋಡಿದೆ. ಫೋನಿನಲ್ಲಿ ಕಡ್ಡಿಗಳು ತುಂಬಿದವು, ಪಾಠ ಮಾತ್ರ ಸುಧಾರಿಸಲಿಲ್ಲ. ಅದು ಒಂದೇ ರೇಡಿಯೋದಿಂದ ಕೇಳಿ ಅದೇ ರೇಡಿಯೋದಿಂದ ಮರಳಿ ಹೇಳುತ್ತದೆ. ವೇಗ ಅರ್ಧವಾಗುತ್ತದೆ, ತಡವೂ ಆಗುತ್ತದೆ. ವಾಪಸ್ ಕೊಟ್ಟೆ.

ಚಾನೆಲ್ ಬದಲಿಸಿ ನೋಡಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ನಮ್ಮ ಓಣಿಯ ರೂಟರ್‌ಗಳಲ್ಲಿ ಬಹುಪಾಲು 6ರಲ್ಲೇ ಗುಂಪಾಗಿದ್ದವು. 1ಕ್ಕೆ ಸರಿಸಿದೆ. ಸ್ವಲ್ಪ ಸುಧಾರಿಸಿತು, ಪಾಠಕ್ಕೆ ಸಾಲುವಷ್ಟಲ್ಲ. 5 ಗಿಗಾಹರ್ಟ್ಸ್ ಆ ಕಲ್ಲು ದಾಟಿ ಮೇಲೆ ಬರಲೇ ಇಲ್ಲ.

ಕೆಲಸ ಮಾಡಿದ್ದು ಇದು. ಅಟ್ಟದಲ್ಲಿ ಬಿದ್ದಿದ್ದ ಹಳೇ ರೂಟರನ್ನು ತೆಗೆದು ಮಾಳಿಗೆಗೆ ತಂದೆ. ಅದರ ಐಪಿ ವಿಳಾಸವನ್ನು 192.168.1.2 ಮಾಡಿದೆ. ಡಿಎಚ್‌ಸಿಪಿ (ಉಳಿದ ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿದೆ. ಹೊಸ ಕೇಬಲನ್ನು ಅದರ ವ್ಯಾನ್ (ಹೊರಗಿನ ಲೈನ್ ಸೇರುವ) ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಿದೆ. ಈಗ ಅದು ಬರೀ ವೈ-ಫೈ ಬಿತ್ತುವ ಡಬ್ಬಿ. ಖರ್ಚು ಸೊನ್ನೆ. ಫೋನುಗಳಿಗೆ ಅದು ಸಾಕು. ಪಾಠದ ಲ್ಯಾಪ್‌ಟಾಪಿಗೆ ಮಾತ್ರ ಕೇಬಲ್ಲೇ ಇರಲಿ ಅಂತ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಂದೆ, 900 ರೂಪಾಯಿ. ಡಬ್ಬದ ಮೇಲೆ ಗಿಗಾಬಿಟ್ ಅಂತ ಬರೆದಿದೆಯೋ ನೋಡಿ ಕೊಳ್ಳಿ. 100ಕ್ಕೇ ನಿಲ್ಲುವ ಅಡಾಪ್ಟರ್‌ಗಳೂ ಮಾರಾಟಕ್ಕಿವೆ.

ಇದಾದ ಮೇಲೆ ರೂಟರಿಗೆ ಪಿಂಗ್ 1 ಮಿಲಿಸೆಕೆಂಡ್. ಸಂಜೆಯಲ್ಲೂ ಅಲ್ಲಾಡಲಿಲ್ಲ. ಮನೆಯೊಳಗಿನ ದಾರಿ ಸ್ವಚ್ಛವಾಯಿತು. ಹೊರಗಿನ ಪಿಂಗ್ ಮಾತ್ರ ಹಾಗೇ ತುಂಡಾಗುತ್ತಿತ್ತು.

ಹಂತ 4: ಕಿಟಕಿಯ ಹತ್ತಿರ ಮಡಚಿದ ಫೈಬರ್

ಮಳೆ ಇದ್ದ ದಿನ ನಷ್ಟ ಜಾಸ್ತಿ ಅಂತ ನೋಟ್‌ಬುಕ್ ಹೇಳುತ್ತಿತ್ತು. ಗಾಜಿನ ಎಳೆಗೆ ಮಳೆಯಿಂದ ನೇರವಾಗಿ ಏನೂ ಆಗಬಾರದು. ಹಾಗಾದರೆ ಎಲ್ಲೋ ಜಾಯಿಂಟ್ ಅಥವಾ ಮಡಿಕೆ ಇದೆ ಅನ್ನಿಸಿತು.

ಫೈಬರ್ ಬಂದು ಸೇರುವ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಬಲ ತೋರಿಸುತ್ತದೆ. ಆರ್‌ಎಕ್ಸ್ ಪವರ್ ಅಂತ ಬರೆದಿರುತ್ತದೆ, ಲೆಕ್ಕ ಡಿಬಿಎಂನಲ್ಲಿ. ನಮ್ಮದು ಒಣ ದಿನ ಮೈನಸ್ 26.4 ಇತ್ತು. ಜೋರು ಮಳೆಯಲ್ಲಿ ಮೈನಸ್ 27.6ಕ್ಕೆ ಇಳಿಯಿತು. ಮನೆಗಳಲ್ಲಿರುವ ಸಾಮಾನ್ಯ ಜಿಪಾನ್ (ಫೈಬರ್ ಸೇರುವ) ಡಬ್ಬಿ ಮೈನಸ್ 27ರ ತನಕ ನೆಚ್ಚಿಕೊಳ್ಳುವಂತೆ ಕೆಲಸ ಮಾಡುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಆರಾಮ. 3 ಡಿಬಿ ಹೋದರೆ ಬೆಳಕು ಅರ್ಧಕ್ಕೆ ಇಳಿದಂತೆ, 10 ಹೋದರೆ ಹತ್ತನೇ ಒಂದು ಭಾಗ ಉಳಿದಂತೆ. ನಾವು ಅಂಚಿನ ಮೇಲೆ ನಿಂತಿದ್ದೆವು.

ಈ ಅಂಕಿ ಬರೆದು ಹಳೇ ಕಂಪನಿಗೆ ದೂರು ಕೊಟ್ಟೆ. ಸುಮ್ನೆ 'ನೆಟ್ ಸ್ಲೋ' ಅಂತ ಹೇಳಿದ್ದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಿದ್ದರು. ಆರ್‌ಎಕ್ಸ್ ಪವರ್ ಹೇಳಿದ್ದಕ್ಕೆ ಮರುದಿನವೇ ಲೈನ್‌ಮನ್ ಬಂದ. ಒಳ್ಳೇ ಕೆಲಸಗಾರ. ಕೆಂಪು ಬೆಳಕಿನ ಪೆನ್ನು ತಂದು ಫೈಬರಿನ ತುದಿಗೆ ಹಚ್ಚಿದ. ಕಿಟಕಿಯ ಸರಳಿನ ಹತ್ತಿರ ಕೇಬಲ್ ಒಳಗಿಂದ ಕೆಂಪಗೆ ಹೊಳೆಯಿತು.

'ನೋಡ್ರಿ ಸರ, ಇಲ್ಲೇ ಐತಿ. ಕಿಡಕಿ ಹಾಕಿದಾಗೆಲ್ಲಾ ಒತ್ತಾಕತ್ತೈತಿ' ಅಂದ.

ಕಿಟಕಿಯ ಮರ ಮಳೆಗೆ ಉಬ್ಬುತ್ತದೆ. ಮಳೆ ಬಂದರೆ ಕಿಟಕಿ ಹಾಕುತ್ತೇವೆ. ಹಾಕಿದಾಗ ಚೌಕಟ್ಟು ಫೈಬರನ್ನು ಒತ್ತುತ್ತದೆ. ಮಳೆಗೂ ನಷ್ಟಕ್ಕೂ ನಂಟು ಇದು.

ಚೌಕಟ್ಟಿನ ಪಕ್ಕ ಗೋಡೆಗೆ 10 ಎಂಎಂ ರಂಧ್ರ ಹಾಕಿ, ಪಿವಿಸಿ ತುಂಡು ತೂರಿಸಿ, ಹೊರಗಿನ ಕಡೆ ಸ್ವಲ್ಪ ಕೆಳಮುಖ ಮಾಡಿ ಫೈಬರನ್ನು ಅದರೊಳಗಿಂದ ತಂದೆವು. ಸುತ್ತ ಸಿಲಿಕಾನ್ ತುಂಬಿದೆ. ಒಳಗೆ ಉಳಿದ ಉದ್ದವನ್ನು ಅಂಗೈ ಅಗಲದ ಸುರುಳಿ ಮಾಡಿ ಗೋಡೆಗೆ ಸಿಕ್ಕಿಸಿದೆ. ಮನೆಯೊಳಗೆ ಎಳೆಯಲೆಂದೇ ಮಾಡಿದ ಫೈಬರ್ 10 ಎಂಎಂ ತ್ರಿಜ್ಯದ ತನಕ ಬಾಗಬಲ್ಲದು. ಹಳೇ ಜಾತಿಯದಕ್ಕೆ 30 ಎಂಎಂ ಬೇಕು. ನಮ್ಮದು ಯಾವುದು ಅಂತ ಕೇಬಲ್ ಮೇಲೆ ಓದಲು ಆಗಲಿಲ್ಲ, ಅದಕ್ಕೆ ದೊಡ್ಡ ಸುರುಳಿ. ಲೈನ್‌ಮನ್ ಹಸಿರು ಕನೆಕ್ಟರಿನ ತುದಿಯನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ ಹಾಕಿದ. ಹಸಿರು ಕನೆಕ್ಟರಿಗೆ ಹಸಿರೇ ಸೇರಬೇಕು. ನೀಲಿಗೆ ಸೇರಿಸಿದರೆ ತುದಿಯ ಕೋನ ಕೂಡದೆ ಬೆಳಕು ಹಾಳಾಗುತ್ತದೆ. ಇನ್ನೊಂದು ಮಾತು: ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಮುಗಿದ ಮೇಲೆ ಆರ್‌ಎಕ್ಸ್ ಪವರ್ ಮೈನಸ್ 20.9. ಮಳೆಯಲ್ಲೂ ಅಷ್ಟೇ.

ಹಂತ 5: ತಂಬೂರಿ ಮಾಯವಾಗುವುದು

ಇದು ಲೈನಿನ ದೋಷವೇ ಅಲ್ಲ. ಆದರೆ ನಾವು ಇದನ್ನೂ ಲೈನಿನ ಲೆಕ್ಕಕ್ಕೆ ಹಾಕಿದ್ದೆವು, ಅದಕ್ಕೆ ಬರೆಯುತ್ತಿದ್ದೇನೆ.

ಕೇಬಲ್, ಫೈಬರ್ ಎರಡೂ ಸರಿಯಾದ ಮೇಲೂ ಪುಣೆಯ ಶಿಷ್ಯೆ, 'ಅಕ್ಕಾ, ತಂಬೂರಿ ಕೇಳಸವಲ್ಲದು' ಅಂದಳು. ಹಾಡು ನಿಂತ ಕೂಡಲೇ ತಂಬೂರಿ ಮುಳುಗುತ್ತಿತ್ತು. ವಿಡಿಯೋ ಕರೆಯ ಆ್ಯಪ್‌ಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಅಂತ ತಿಳಿದು ಒತ್ತಿಬಿಡುತ್ತವೆ. ತಂಬೂರಿಯೂ ಒಂದೇ ಸಮನೆ ಬರುವ ನಾದವೇ. ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್' ಅಂತ ಇದೆ. ಅದನ್ನು ಆನ್ ಮಾಡಿದರೆ ಗದ್ದಲ ಒತ್ತುವುದು ನಿಲ್ಲುತ್ತದೆ. ಕರೆ ಶುರುವಾದ ಮೇಲೆ ಪರದೆಯ ಮೇಲೂ ಅದು ಆನ್ ಇದೆಯೋ ನೋಡಬೇಕು. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡರೆ ಪ್ರತಿಧ್ವನಿಯ ಕಾಟವೂ ಇಲ್ಲ.

ಸಂಗೀತ ಕಲಿಸುವವರು ಲೈನ್ ಬದಲಿಸುವ ಮೊದಲು ಇದನ್ನು ಮಾಡಿ ನೋಡಲೇಬೇಕು.

ಹಂತ 6: ಇನ್ನೂ ಉಳಿದದ್ದು

ಇಷ್ಟಾದ ಮೇಲೆ ಬೆಳಗ್ಗೆ, ಮಧ್ಯಾಹ್ನ ಎಲ್ಲ ಚೊಕ್ಕ. ಸಂಜೆ 7ರ ನಂತರ ಹೊರಗಿನ ಪಿಂಗ್‌ನಲ್ಲಿ ಶೇ. 2ರಿಂದ 3 ನಷ್ಟ ಉಳಿಯಿತು. ಅಪ್‌ಲೋಡ್ 150ರ ಬದಲು 40ರ ಕೆಳಗೆ. ಮಳೆಯ ನಂಟು ಈಗ ಇಲ್ಲ. ಭಾನುವಾರ ಸಂಜೆ ಎಲ್ಲಕ್ಕಿಂತ ಕೆಟ್ಟದು.

ಪಾಠಕ್ಕೆ ಎಷ್ಟು ಬೇಕು? ಒಳ್ಳೇ ಗುಣಮಟ್ಟದ ವಿಡಿಯೋ ಕರೆಗೆ 3ರಿಂದ 4 ಎಂಬಿಪಿಎಸ್ ಅಪ್‌ಲೋಡ್ ಸಾಕು. 4ಕೆ ಸಿನಿಮಾಕ್ಕೂ 15 ಸಾಕು. ಹಾಗಾಗಿ 40 ಎಂಬಿಪಿಎಸ್ ಕಡಿಮೆ ಅಲ್ಲ. ಪಾಠ ಕೆಡಿಸುತ್ತಿದ್ದದ್ದು ಆ ಶೇ. 3 ನಷ್ಟ. ಗೇಟಿಗೆ ಬಂದ ಹುಡುಗ 300 ಎಂಬಿಪಿಎಸ್ ಅಂತ ಒತ್ತಿ ಹೇಳಿದ್ದ. ನಮಗೆ ಬೇಕಾದದ್ದು ದೊಡ್ಡ ಅಂಕಿ ಅಲ್ಲ. ಸಂಜೆ 8 ಗಂಟೆಗೆ ನಷ್ಟ ಸೊನ್ನೆ ಇರುವ ಲೈನ್.

ಡೇಟಾ ಯಾವ ಯಂತ್ರಗಳನ್ನು ಹೆಜ್ಜೆ ಹೆಜ್ಜೆಯಾಗಿ ದಾಟಿ ಹೋಗುತ್ತದೆ ಅಂತ ತೋರಿಸುವ ಟ್ರೇಸ್‌ರೂಟ್ ಹಾಕಿ ನೋಡಿದೆ. ಇಲ್ಲಿ ಒಂದು ಎಚ್ಚರ ಬೇಕು. ನಡುವಿನ ಒಂದು ಹೆಜ್ಜೆಯಲ್ಲಿ ಮಾತ್ರ ನಷ್ಟ ಕಂಡು ಮುಂದಿನ ಹೆಜ್ಜೆಗಳು ಸರಿ ಇದ್ದರೆ ಅದು ನಷ್ಟವೇ ಅಲ್ಲ. ಆ ಯಂತ್ರ ಪಿಂಗ್‌ಗೆ ಉತ್ತರ ಕೊಡಲು ಸೋಮಾರಿ, ಅಷ್ಟೇ. ಒಂದು ಹೆಜ್ಜೆಯಿಂದ ಶುರುವಾಗಿ ಕೊನೆಯ ತನಕ ನಷ್ಟ ಮುಂದುವರಿದರೆ ಮಾತ್ರ ನಂಬಬೇಕು. ನಮ್ಮಲ್ಲಿ ಕಂಪನಿಯ ಮೊದಲ ಹೆಜ್ಜೆ ಸರಿ ಇತ್ತು. ಎರಡನೆಯದರಿಂದ ಕೊನೆಯ ತನಕ ನಷ್ಟ. ಅಂದರೆ ನಮ್ಮ ಓಣಿಯ ಫೈಬರ್ ಸರಿ ಇದೆ. ಅದರ ಆಚೆ, ಎಲ್ಲರ ಸಂಜೆಯ ಭಾರ ಸೇರುವ ಕಡೆ ದಾರಿ ಸಾಲುತ್ತಿಲ್ಲ.

ಲೈನ್‌ಮನ್‌ಗೆ ತೋರಿಸಿದೆ. 'ಇದು ನಮ್ಮ ಕೈಯಾಗ ಇಲ್ರಿ ಸರ, ಮ್ಯಾಲಿನವರು ಮಾಡಬೇಕು' ಅಂದ. ಅವನ ಮಾತು ನಿಜ.

ಕಸ್ಟಮರ್ ಕೇರಿಗೆ ಅಂಕಿ ಸಮೇತ ಬರೆದು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತೆಗೆದುಕೊಂಡೆ. 'ಸಮಸ್ಯೆ ಬಗೆಹರಿದಿದೆ' ಎಂಬ ಸಂದೇಶ ಬಂತು. ಬಗೆಹರಿದಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ದೂರಿಗೆ ಎರಡು ಮೆಟ್ಟಿಲು. ಮೊದಲು ಕಂಪನಿಯ ದೂರು ಕೇಂದ್ರ, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕ ಇಲ್ಲ. ಡಾಕೆಟ್ ನಂಬರ್ ಇಲ್ಲದೆ ಮೇಲೆ ಹೋಗಲು ಆಗುವುದಿಲ್ಲ, ಅದಕ್ಕೆ ಆ ನಂಬರನ್ನು ಜೋಪಾನ ಮಾಡಿ. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ನಾನು ಮೇಲ್ಮನವಿ ಹಾಕಿದೆ. ಸಾಮರ್ಥ್ಯ ಹೆಚ್ಚಿಸುವ ಕೆಲಸ ನಡೆದಿದೆ ಅಂತ ಉತ್ತರ ಬಂತು. ದಿನಾಂಕ ಕೊಡಲಿಲ್ಲ. ಪಾಠಗಳು ಕಾಯುವುದಿಲ್ಲ, ಹಾಗಾಗಿ ಹೊಸ ಲೈನಿನ ವಿಚಾರಕ್ಕೆ ಇಳಿದೆ.

ಹಂತ 7: ಹೊಸ ಲೈನಿನ ವಿಚಾರಣೆ

ಮೊದಲು ಓಣಿಯಲ್ಲಿ ಕೇಳಿದೆ. ಎಷ್ಟು ಸ್ಪೀಡ್ ಅಂತ ಕೇಳಲಿಲ್ಲ. ಕೇಬಲ್ ಕಡಿದಾಗ ಎಷ್ಟು ದಿನಕ್ಕೆ ಸರಿ ಮಾಡಿದರು ಅಂತ ಕೇಳಿದೆ. ಅವಳಿ ನಗರದಲ್ಲಿ ನೀರಿನ ಪೈಪಿಗೆ, ಚರಂಡಿಗೆ ರಸ್ತೆ ಅಗೆಯುವುದು ಇದ್ದೇ ಇದೆ. ಕೇಬಲ್ ಕಡಿಯುವುದೂ ಇದ್ದೇ ಇದೆ. ಒಂದು ಮನೆಯವರು 'ಮರುದಿನ' ಅಂದರು, ಇನ್ನೊಬ್ಬರು 'ನಾಲ್ಕು ದಿನ' ಅಂದರು. ಈ ವಿಷಯದಲ್ಲಿ ನಮ್ಮ ಹಳೇ ಲೈನೇ ಮೇಲು. ಲೈನ್‌ಮನ್ ಇದೇ ಭಾಗದವನು, ಫೋನ್ ಎತ್ತುತ್ತಾನೆ.

ಆಮೇಲೆ ಕಂಬ ನೋಡುತ್ತಾ ನಡೆದೆ. ಹಳೇ ಲೈನ್ ಮುಖ್ಯ ರಸ್ತೆಯ ಕಡೆಯಿಂದ ಬರುತ್ತದೆ. ಹೊಸದು ಹಿಂದಿನ ಓಣಿಯ ಕಂಬಗಳ ಮೇಲಿಂದ. ಇದು ಒಳ್ಳೆಯದು. ಎರಡೂ ಒಂದೇ ಕಂಬದ ಮೇಲಿದ್ದರೆ ಒಂದು ಕೊಂಬೆ ಬಿದ್ದರೆ ಎರಡೂ ಹೋಗುತ್ತವೆ.

ಹೊಸ ಕಂಪನಿಯವರಿಗೆ ಕೇಳಿದ ಪ್ರಶ್ನೆಗಳು: ಅಪ್‌ಲೋಡ್ ಎಷ್ಟು? ಅನ್‌ಲಿಮಿಟೆಡ್ ಅಂದರೆ ಮಿತಿ ಎಷ್ಟು? ತಿಂಗಳ ಪ್ಲಾನ್ ಇದೆಯೇ? ಜೋಡಣೆ ಶುಲ್ಕ, ಡಬ್ಬಿಯ ಡೆಪಾಸಿಟ್ ಎಷ್ಟು, ವಾಪಸ್ ಬರುತ್ತದೆಯೇ? ನಮಗೇ ಬೇರೆ ಐಪಿ ವಿಳಾಸ ಕೊಡುತ್ತೀರೋ, ಹಲವು ಮನೆಗೆ ಸೇರಿ ಒಂದೋ?

ಉತ್ತರ: ಅಪ್‌ಲೋಡ್, ಡೌನ್‌ಲೋಡ್ ಎರಡೂ 100. ಮಿತಿ ತಿಂಗಳಿಗೆ 3,300 ಜಿಬಿ. ಅನ್‌ಲಿಮಿಟೆಡ್ ಅನ್ನುವ ಹಲವು ಪ್ಲಾನ್‌ಗಳಲ್ಲಿ ಇರುವ ಅಂಕಿಯೇ ಅದು, ಒಂದು ಮನೆಗೆ ಧಾರಾಳ. ತಿಂಗಳ ಪ್ಲಾನ್ ಇದೆ, 699 ರೂಪಾಯಿ, ಜಿಎಸ್‌ಟಿ ಸೇರಿ 824.82. ಆದರೆ ತಿಂಗಳ ಪ್ಲಾನಿಗೆ ಜೋಡಣೆ ಶುಲ್ಕ 1,000, ವರ್ಷದ್ದಕ್ಕೆ ಉಚಿತ. ಐಪಿ ವಿಳಾಸ ಹಲವರಿಗೆ ಸೇರಿ ಒಂದು. ರೂಟರ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ಅದು ಹಾಗೆ ಹಂಚಿದ ವಿಳಾಸ. ಸಿಸಿಟಿವಿಯನ್ನು ಹೊರಗಿಂದ ನೇರವಾಗಿ ತೆರೆಯುವವರಿಗೆ ಇದರಿಂದ ತೊಂದರೆ. ನಮಗೆ ಅದರ ಅಗತ್ಯ ಇಲ್ಲ.

1,000 ಕೊಟ್ಟು ತಿಂಗಳ ಪ್ಲಾನೇ ತೆಗೆದುಕೊಂಡೆ. ಆ ಸಾವಿರ ರೂಪಾಯಿ ಬಿಟ್ಟು ಹೋಗುವ ಸ್ವಾತಂತ್ರ್ಯದ ಬೆಲೆ. ಬೇಡ ಅನ್ನಿಸಿದರೆ ಅಷ್ಟಕ್ಕೇ ನಷ್ಟ ನಿಲ್ಲುತ್ತದೆ. ಹಳೆಯದನ್ನು ಮುಚ್ಚಲಿಲ್ಲ.

5ಜಿ ಸಿಗ್ನಲ್ ಹಿಡಿದು ನಡೆಯುವ ಡಬ್ಬಿಯ ವಿಚಾರವೂ ಬಂತು. ಮಾಳಿಗೆಯಿಂದ ಫೋನಿನ ಹಾಟ್‌ಸ್ಪಾಟ್ ಮೇಲೆ ಸಂಜೆ ಅಳೆದೆ. ಡೌನ್‌ಲೋಡ್ 180, ಅಪ್‌ಲೋಡ್ 9, ಪಿಂಗ್ 30ರಿಂದ 140ರ ನಡುವೆ ಕುಣಿತ. ಸಿನಿಮಾಕ್ಕೆ ಸರಿ, ಪಾಠಕ್ಕೆ ಅಲ್ಲ. ಅಲ್ಲಿಗೇ ಬಿಟ್ಟೆ.

ಹಂತ 8: ಎರಡೂ ಒಟ್ಟಿಗೆ

ಎರಡು ಲೈನ್, ಎರಡು ಲ್ಯಾಪ್‌ಟಾಪ್, ಒಂದೇ ಹೊತ್ತು, ಒಂದೇ ವಿಳಾಸಕ್ಕೆ ಪಿಂಗ್. ಬೇರೆ ಬೇರೆ ದಿನ ಅಳೆದು ಹೋಲಿಸಿದರೆ ಅರ್ಥ ಇಲ್ಲ.

ಸಂಜೆ 7ರಿಂದ 9: ಹಳೇ ಲೈನ್‌ನಲ್ಲಿ ನಷ್ಟ ಶೇ. 2.6, ಪಿಂಗ್ 14ರಿಂದ 95. ಹೊಸ ಲೈನ್‌ನಲ್ಲಿ ನಷ್ಟ ಶೇ. 0.1, ಪಿಂಗ್ 16ರಿಂದ 24. ವೇಗದಲ್ಲಿ ಹೊಸದು ಸಣ್ಣದು, 97 ಮತ್ತು 96. ಆದರೆ ಸಂಜೆಯೂ 97, ಬೆಳಗ್ಗೆಯೂ 97.

ಪಾಠ ಕೇಳಿಸಿಕೊಂಡ ಶಿಷ್ಯರಿಗೆ ಯಾವ ಲೈನ್ ಅಂತ ಹೇಳಲಿಲ್ಲ. ಹೊಸ ಲೈನಿನ ದಿನ ದುಬೈಯ ಹುಡುಗ ತಾನಾಗೇ, 'ಇವತ್ತು ಗಮಕ ಪೂರ್ತಿ ಕೇಳಿಸ್ತು' ಅಂದ. ನನಗೆ ಎಲ್ಲ ಅಂಕಿಗಳಿಗಿಂತ ಅದು ದೊಡ್ಡದಾಯಿತು. ಹೆಂಡತಿಯ ಮುಖದಲ್ಲಿ ಸಂಜೆಯ ಆತಂಕ ಕಡಿಮೆಯಾದದ್ದು ಮನೆಯವರೆಲ್ಲ ಕಂಡೆವು.

ಹೊಸ ಲೈನಿನ ಒಂದು ಕೊರತೆ ಆ ತಿಂಗಳೇ ಗೊತ್ತಾಯಿತು. ಹಿಂದಿನ ಓಣಿಯಲ್ಲಿ ಕೇಬಲ್ ಕಡಿದು ಡಬ್ಬಿಯ ಮೇಲೆ ಕೆಂಪು ಲಾಸ್ ದೀಪ (ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂಬ ಸೂಚನೆ) ಹತ್ತಿತು. ಸರಿ ಮಾಡಲು ಎರಡು ದಿನ ತೆಗೆದುಕೊಂಡರು. ಆ ಎರಡು ಸಂಜೆ ಪಾಠ ಹಳೇ ಲೈನ್ ಮೇಲೆ ನಡೆಯಿತು, ಸ್ವಲ್ಪ ತುಂಡಾಗುತ್ತಾ.

ಹಂತ 9: ಕರೆಂಟ್

ಹೆಸ್ಕಾಂ ಕರೆಂಟ್ ಹೋದಾಗ ಇನ್ವರ್ಟರ್ ಎತ್ತಿಕೊಳ್ಳುವ ಕ್ಷಣದಲ್ಲಿ ರೂಟರ್ ಮರುಶುರುವಾಗುತ್ತಿತ್ತು, ಪಾಠ ಎರಡು ನಿಮಿಷ ನಿಲ್ಲುತ್ತಿತ್ತು. 12 ವೋಲ್ಟಿನ ಮಿನಿ ಯುಪಿಎಸ್ ತಂದೆ, 1,250 ರೂಪಾಯಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ವೋಲ್ಟ್ ಮತ್ತು ಆಂಪಿಯರ್ ಓದಿ. ನಮ್ಮ ಎರಡೂ ಡಬ್ಬಿಗಳು 12 ವೋಲ್ಟ್, 1 ಆಂಪಿಯರ್. ಈಗ ಕರೆಂಟ್ ಹೋದದ್ದು ಪಾಠಕ್ಕೆ ಗೊತ್ತೇ ಆಗುವುದಿಲ್ಲ.

ಹಂತ 10: ಅಪ್ಪನ ನಂಬರ್ ಮತ್ತು ತೀರ್ಮಾನ

ಅಂಕಿ ನೋಡಿದರೆ ಹಳೇ ಲೈನ್ ಮುಚ್ಚಬೇಕು. ಆದರೆ ಅದರ ಮೇಲೆ ಅಪ್ಪನ 0836ರ ನಂಬರ್ ಇದೆ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಹುದು. ಲ್ಯಾಂಡ್‌ಲೈನ್ ನಂಬರಿಗೆ ಆ ಸೌಲಭ್ಯ ಇಲ್ಲ. ಲೈನ್ ಮುಚ್ಚಿದರೆ ನಂಬರ್ ಹೋದಂತೆ.

ಅಪ್ಪನಿಗೆ ಹೇಳಿದೆ. 'ಈ ನಂಬರ ಎಲ್ಲಾರ ಕಡೆ ಅದ. ಗದಗಿನ ಅತ್ತಿ ಇದಕ್ಕ ಮಾಡತಾಳ. ಬಿಡೋದು ಬ್ಯಾಡ' ಅಂದರು. ಅತ್ತೆಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಈ ನಂಬರನ್ನು ಬಾಯಿಪಾಠದಿಂದ ಒತ್ತುತ್ತಾರೆ. ನನಗೂ ಬಿಡಲು ಮನಸ್ಸಿರಲಿಲ್ಲ. ಮನೆಯ ಲೈನ್ ಅಂದರೆ ಬರೀ ಎಂಬಿಪಿಎಸ್ ಅಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಳೇ ಕಂಪನಿಗೆ ಬರೆದು ಪ್ಲಾನನ್ನು ಅತಿ ಸಣ್ಣದಕ್ಕೆ ಇಳಿಸಿದೆ. 30 ಎಂಬಿಪಿಎಸ್, 399 ರೂಪಾಯಿ, ಜಿಎಸ್‌ಟಿ ಸೇರಿ 470.82. ನಂಬರ್ ಹಾಗೇ ಇರುತ್ತದೆ ಅಂತ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೇ ಒಪ್ಪಿದೆ. ಬಾಯಿಮಾತಿಗೆ ಒಪ್ಪಬೇಡಿ. ಹೊಸದು 824.82. ಎರಡೂ ಸೇರಿ 1,295.64. ಮೊದಲಿಗಿಂತ ತಿಂಗಳಿಗೆ 293.82 ಜಾಸ್ತಿ. ಪಾಠದ ದುಡ್ಡಿನಲ್ಲಿ ಅದು ಹೊರೆ ಅಲ್ಲ ಅಂತ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಒಮ್ಮೆ ಮಾಡಿದ ಖರ್ಚು: ಇಕ್ಕಳ ಮತ್ತು ಟೆಸ್ಟರ್ 650, ಕೇಬಲ್ 616, ಪ್ಲಗ್ಗುಗಳು 80, ಅಡಾಪ್ಟರ್ 900, ಪಿವಿಸಿ ಮತ್ತು ಸಿಲಿಕಾನ್ 190, ಮಿನಿ ಯುಪಿಎಸ್ 1,250, ಜೋಡಣೆ 1,000. ಒಟ್ಟು 4,686 ರೂಪಾಯಿ.

ಪಾಠ ನಡೆಯದ, ಬರೀ ಸಿನಿಮಾ ನೋಡುವ ಮನೆ ನಮ್ಮದಾಗಿದ್ದರೆ ನಾನು 4ನೇ ಹಂತಕ್ಕೇ ನಿಲ್ಲಿಸುತ್ತಿದ್ದೆ. ಕಂಪನಿ ಬದಲಿಸುತ್ತಿರಲಿಲ್ಲ. ಶೇ. 3 ನಷ್ಟ ಸಿನಿಮಾದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮುಂದಿನ ಭಾಗ ಮೊದಲೇ ಬಂದು ಕೂತಿರುತ್ತದೆ.

ಈಗ ಇರುವ ಸ್ಥಿತಿ: ಹೊಸ ಲೈನ್ ಮಾಳಿಗೆಯ ಪಾಠಕ್ಕೆ. ಹಳೆಯದು ಅಪ್ಪನ ಫೋನಿಗೆ, ಕೆಳಗಿನ ಟಿವಿಗೆ. ಒಂದು ಕೆಟ್ಟರೆ ಕೆಳಗಿನ ಸ್ವಿಚ್‌ನಲ್ಲಿ (ಲ್ಯಾನ್ ಕೇಬಲ್‌ಗಳು ಬಂದು ಸೇರುವ ಡಬ್ಬಿ) ಕೇಬಲ್ ಕೈಯಿಂದ ಬದಲಿಸಬೇಕು. ಎರಡೂ ಕೇಬಲ್ಲಿಗೆ ಬಣ್ಣದ ಪಟ್ಟಿ ಸುತ್ತಿ, ಯಾವುದು ಎಲ್ಲಿಗೆ ಅಂತ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ನಾನು ಊರಲ್ಲಿ ಇಲ್ಲದಾಗ ಹೆಂಡತಿಯೇ ಬದಲಿಸಿ ನೋಡಿದ್ದಾಳೆ, ಆಗುತ್ತದೆ. ಎರಡು ಲೈನುಗಳ ನಡುವೆ ತಾನಾಗೇ ಬದಲಾಗುವ ರೂಟರ್‌ಗಳು ಇವೆ. ಅದಕ್ಕೆ ಇನ್ನೂ ದುಡ್ಡು ಹಾಕಿಲ್ಲ. ಹಳೇ ಕಂಪನಿ ಹೇಳಿದ ಸಾಮರ್ಥ್ಯದ ಕೆಲಸ ಮುಗಿದರೆ ಸಂಜೆಯ ಅಂಕಿ ಮತ್ತೆ ಅಳೆದು ನೋಡುತ್ತೇನೆ. ಸರಿ ಇದ್ದರೆ ಆ ರೂಟರ್ ತರುವುದು, ಇಲ್ಲದಿದ್ದರೆ ಹೀಗೇ ಮುಂದುವರಿಸುವುದು.